ಅರ್ಧ ಕಡಿದದ್ದು

ಗೋಕಾಕ
೧೨ ನವೆಂಬರ್ ೨೦೨೪

ತಂಗಿ ತಾಯವ್ವನಿಗೆ,

ಕೌಜಲಗಿಯಲ್ಲಿ ಎಲ್ಲರೂ ಆರಾಮಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. ಈ ಕರದಂಟಿನ ಡಬ್ಬಿಗಳು ನನ್ನ ತಲೆ ತಿಂದುಹಾಕಿವೆ.

ಗಣಪತಿ ಹಬ್ಬಕ್ಕೆ ಕರದಂಟಿಗೆ ಹಾಕುವ ಅಂಟು ಸಾಕಾಗದೆ ಎಲ್ಲ ಅಂಗಡಿಗೂ ಅವರು ಕೇಳಿದ್ದರಲ್ಲಿ ಅರ್ಧ ಕಡಿದು ಕೊಟ್ಟಿದ್ದೆ. ಅದೇ ತಪ್ಪಾಯಿತು ನೋಡು. ದೀಪಾವಳಿಗೆ ಹುಕ್ಕೇರಿಯ ಶೆಟ್ಟೆಪ್ಪ ಎಂಬತ್ತು ಡಬ್ಬಿ ಬೇಕೆಂದ, ಮೂಡಲಗಿಯ ವಿಠ್ಠಲನೂ ಎಂಬತ್ತು ಎಂದ. ನಂಬಿ, ಒಲೆಯ ಮುಂದೆ ಬೆಂದು, ಪೂರ್ತಿ ಮಾಡಿ ಕಳಿಸಿದೆ. ಹಬ್ಬ ಮುಗಿದ ಮರುದಿನವೇ ಎರಡೂ ಊರಿನಿಂದ ಅರ್ಧರ್ಧ ಡಬ್ಬಿ ಬಸ್ಸಿನಲ್ಲಿ ವಾಪಸ್!

ಶೆಟ್ಟೆಪ್ಪನಿಗೆ ಫೋನ್ ಮಾಡಿ, "ನಿನ್ನ ಅಂಗಡ್ಯಾಗ ಖರೇನ ಎಷ್ಟ ಹೋಗ್ತಾವೋ?" ಎಂದೆ.

"ನಲವತ್ತರಿ ಅಕ್ಕಾರ."

"ಮತ್ತ ಎಂಬತ್ತ ಯಾಕ ಹೇಳಿದಿ?"

"ನೀವು ಅರ್ಧಾ ಕಡೀತೀರಿ ಅಂತ ಹೇಳಿದ್ನಿರಿ. ಪೂರಾ ಕಳಸ್ತೀರಿ ಅಂತ ಯಾರಿಗ್ ಗೊತ್ತಿತ್ತು?" ಎಂದು ನನ್ನ ಮೇಲೆಯೇ ರೇಗಿದ.

ನಾನೇನು ಕಡಿಮೆಯೇ? ಅಂಟಿನ ವ್ಯಾಪಾರಿಯೂ ಕಡಿಯುತ್ತಾನೆಂದು ದುಪ್ಪಟ್ಟು ಹೇಳಿದ್ದೆ. ಅವನೂ ಪೂರ್ತಿ ಕಳಿಸಿದ. ಈಗ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಅಂಟಿನ ಚೀಲ.

ನಮ್ಮ ಮನೆಯವರು ಇದ್ದಾಗ ಹೀಗಾಗುತ್ತಿರಲಿಲ್ಲ. ಪ್ರತಿ ಗುರುವಾರ ಬಸ್ಸು ಹತ್ತಿ ಹೋಗಿ, ಅಂಗಡಿಯ ಹಲಗೆಯ ಮೇಲೆ ಉಳಿದ ಡಬ್ಬಿಗಳನ್ನು ತಾವೇ ಎಣಿಸಿ ಬರುತ್ತಿದ್ದರು. "ಶೆಟ್ಟೆಪ್ಪ ಏನರೆ ಹೇಳಲಿ, ನಾ ಹಲಗಿ ನೋಡೇ ಬರತೀನಿ" ಎನ್ನುತ್ತಿದ್ದರು. ಅವರು ಹೋಗಿ ಎಂಟು ತಿಂಗಳಾಯಿತು. ನನಗೆ ಅಂಗಡಿಗಳ ಮುಂದೆ ಹೋಗಿ ನಿಲ್ಲುವ ಮನಸ್ಸಾಗದೆ ಫೋನಿನಲ್ಲೇ ಮುಗಿಸುತ್ತಿದ್ದೆ. ಈ ಗುರುವಾರದಿಂದ ನಾನೇ ಹೋಗುತ್ತೇನೆ.

ಮೊಣಕಾಲು "ಸ್ವಲ್ಪ" ನೋವು ಎಂದು ಬರೆದಿದ್ದೀಯ. ಆ ಸ್ವಲ್ಪ ಎಷ್ಟೆಂದು ಭಾನುವಾರ ಬಂದು ನೋಡುತ್ತೇನೆ. ಉಳಿದ ಡಬ್ಬಿಯೂ ತರುತ್ತೇನೆ, ಬೇಡ ಎನ್ನಬೇಡ. ಮಕ್ಕಳು ಗಟ್ಟಿಯಾಗಿ, ನಗುತ್ತ ಇರಲಿ.

ನಿನ್ನ ಅಕ್ಕ
ಸಾವಂತ್ರೆವ್ವ

ತಾ.ಕ.: ಇದನ್ನು ಯಾರಿಗೂ ಹೇಳಿಲ್ಲ. ನೆಗಡಿ ಬಂದರೂ "ಸಾಯಾಕತ್ತೇನಿ" ಎನ್ನುವ ನಮ್ಮ ಮನೆಯವರ ಚಟ ನಿನಗೆ ಗೊತ್ತೇ ಇದೆ. ಅವರ ಮಾತನ್ನು ನಾನು ಯಾವಾಗಲೂ ಅರ್ಧ ಕಡಿದೇ ಕೇಳುತ್ತಿದ್ದೆ. ಮಾರ್ಚ್ ತಿಂಗಳ ಆ ಮುಂಜಾನೆ "ಎದಿ ಭಾಳ ನೋಯಾಕತ್ತೈತಿ" ಎಂದಾಗಲೂ ಅರ್ಧ ಕಡಿದೆ. "ತಡೀರಿ, ಪಾಕ ಇಳಿಸಿ ಬರತೀನಿ" ಎಂದೆ. ಅವತ್ತು ಅವರು ಇದ್ದಷ್ಟೇ ಹೇಳಿದ್ದರು.