ಅಪ್ಪನ ಟೋಪಿಯೊಳಗಿನ ಚೀಟಿ

ರಿಜೈನಾ,
ನವೆಂಬರ್ ೯, ಭಾನುವಾರ

ಪ್ರೀತಿಯ ಅಪ್ಪ,

ಮದುವೆಯಾಗಿ ಆರು ವಾರವಾಯಿತು, ಒಂದು ಸಾಲೂ ಬರೆದಿಲ್ಲ. ಕ್ಷಮಿಸು! ಹೊಸ ಗಂಡ ಕರ್ಟಿಸ್, ಹೊಸ ಮನೆ, ಚುನಾವಣೆಗೆ ನಿಂತ ಅತ್ತೆ, ಈ ಮೂರನ್ನೂ ಒಟ್ಟಿಗೆ ಯಾರಿಗೂ ಕೊಡಬಾರದು. ಫೋನ್ ಮಾಡಬಹುದಿತ್ತು, ನಿಜ. ಆದರೆ ಅತ್ತೆಯ ಹೆಸರೆತ್ತಿದರೆ ಸಾಕು, ನೀನು ಹಿಮ ಎಷ್ಟು ಬಿದ್ದಿದೆ ಎಂದು ಕೇಳುತ್ತೀಯ. ಪತ್ರವಾದರೆ ಪೂರ್ತಿ ಓದಲೇಬೇಕು!

ಟೀವಿಯಲ್ಲಿ ನೋಡಿರುತ್ತೀಯ (ನೋಡಿಲ್ಲ ಎನ್ನುತ್ತೀಯ). ಅತ್ತೆ ಗ್ವೆಂಡಾ ಗೆದ್ದರು! ನಮ್ಮೂರಿನ ಮೇಯರ್, ಆಮೇಲೆ ಶಾಸಕಿ, ಮಂತ್ರಿ, ಈಗ ಇಡೀ ಪ್ರಾಂತ್ಯಕ್ಕೇ ಮುಖ್ಯಮಂತ್ರಿಯಂಥ ಪ್ರೀಮಿಯರ್. ಕರ್ಟಿಸ್ ನನ್ನನ್ನು ಎತ್ತಿ ತಿರುಗಿಸಿದ ಭರಕ್ಕೆ ದೀಪವೊಂದು ಒಡೆಯಿತು. ಅತ್ತೆ ಮಾತ್ರ ಕಾಲ್ಚೀಲದಲ್ಲೇ ನಿಂತು ತಣ್ಣಗಾದ ಪೆರೋಗಿ ಕಡುಬು ತಿನ್ನುತ್ತಿದ್ದರು. ಅಷ್ಟರಲ್ಲಿ ಫೋನ್. ಪ್ರಧಾನಿಯೇ ಇರಬೇಕೆಂದು ಎಲ್ಲರೂ ಉಸಿರು ಬಿಗಿಹಿಡಿದೆವು. ನೋಡಿದರೆ ನಮ್ಮೂರಿನ ಎಡ್ನಜ್ಜಿ!

"ಗೆದ್ದೆಯಂತೆ, ಒಳ್ಳೇದಾಯ್ತು. ನಮ್ಮ ಬೀದಿ ಹಿಮ ಯಾವಾಗ ತೆಗೆಸ್ತೀಯಾ?"

"ಎಡ್ನಜ್ಜಿ, ನಾನೀಗ ಮೇಯರ್ ಅಲ್ಲ."

"ಅದಕ್ಕಿಂತ ದೊಡ್ಡೋಳಾಗಿದ್ದೀಯಲ್ಲ, ಇನ್ನೂ ಬೇಗ ತೆಗೆಸು!"

ಅತ್ತೆ ನಗುತ್ತಲೇ ಬರೆದುಕೊಂಡರು.

ಬರುವ ಶುಕ್ರವಾರ ಪ್ರಮಾಣವಚನ. "ನಿಮ್ಮಪ್ಪನ್ನ ಕರಿ. ಆ ತುಪ್ಪಳದ ಟೋಪಿ ಹಾಕ್ಕೊಂಡೇ ಬರಬೇಕು ಅನ್ನು," ಎಂದರು ಅತ್ತೆ.

ನೀನು ಪತ್ರ ಮಡಿಸಿಡಬೇಡ, ಅಪ್ಪ. ಹನ್ನೆರಡು ವರ್ಷದ ಹಿಂದೆ, ನೀನೇ ಮೇಯರ್ ಆಗಿದ್ದಾಗ, ಮುಂದಿನ ಮೇಯರ್ ಚುನಾವಣೆಯಲ್ಲಿ ನಿಮ್ಮಿಬ್ಬರಿಗೂ ತಲಾ ಇನ್ನೂರ ಹದಿನಾಲ್ಕು ಮತ ಬಂದವು. ಕಾನೂನಿನ ಪ್ರಕಾರ ಚೀಟಿ ಎತ್ತಬೇಕಿತ್ತು. ಚೀಟಿ ಹಾಕಲು ಏನೂ ಸಿಗದಾಗ ನೀನೇ ಟೋಪಿ ತೆಗೆದುಕೊಟ್ಟೆ: "ತಗೊಳ್ರಿ, ಇದು ನನಗೆ ಯಾವತ್ತೂ ಮೋಸ ಮಾಡಿಲ್ಲ!" ಗ್ವೆಂಡಾ ಹೆಸರು ಬಂತು. ಆಮೇಲೆ ನೀನು ಆ ಟೋಪಿ ಮುಟ್ಟಿಲ್ಲ. ಮೈ ಕೊರೆಯುವ ಚಳಿಯಲ್ಲೂ ಬೋಳುತಲೆಯಲ್ಲೇ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆ ಕರ್ಲಿಂಗ್ ಆಡಲು ಹೋಗುತ್ತೀಯ. ನನ್ನ ಮದುವೆಯಲ್ಲೂ ಬೀಗಿತ್ತಿಯ ಜೊತೆ ಒಂದು ಹೆಜ್ಜೆ ಕುಣಿಯಲಿಲ್ಲ.

ಅತ್ತೆ ಹೇಳುತ್ತಾರೆ: "ಇನ್ನೊಂದು ಚೀಟಿ ಬಂದಿದ್ರೆ ಶುಕ್ರವಾರ ಪ್ರಮಾಣವಚನಕ್ಕೆ ನಿಮ್ಮಪ್ಪ ಒರೆಸ್ಟ್ ನಿಂತಿರ್ತಿದ್ದ, ನಾನು ಮನೇಲಿ ಪೈ ಮಾಡ್ತಿದ್ದೆ. ನನ್ನ ಪೈ ತಿಂದೋರಿಗೆ ಗೊತ್ತು, ಪ್ರಾಂತ್ಯಕ್ಕೆ ಯಾವುದು ಒಳ್ಳೇದು ಅಂತ!"

ನಿನ್ನ ಮಂಡಿನೋವು ಇಳಿಯಲಿ, ಜಾರಿಸಿದ ಕಲ್ಲೆಲ್ಲ ಗುರಿ ಮುಟ್ಟಲಿ, ತಲೆ ಬೆಚ್ಚಗಿರಲಿ.

ನಿನ್ನ (ಈಗ ಕರ್ಟಿಸ್‌ನವಳೂ ಆದ),
ಲರಿಸಾ

ಮರೆತ ಮಾತು: ಮರೆತದ್ದಲ್ಲ ಅಪ್ಪ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಟೋಪಿಯದು ತಪ್ಪಿಲ್ಲ. ಅವರಿಗೆ ಬಿದ್ದ ಒಂದೇ ಒಂದು ಮತ ನಿನಗೆ ಬಿದ್ದಿದ್ದರೆ ಚೀಟಿಯೇ ಬೇಕಿರಲಿಲ್ಲ. ಆ ಮತ ನನ್ನದು. ಹದಿನೆಂಟು ತುಂಬಿತ್ತು, ಅದೇ ನನ್ನ ಮೊದಲ ಮತ. ನೀನು ಒಳ್ಳೆಯ ಮೇಯರ್ ಆಗಿದ್ದೆ. ಆದರೆ ಅಮ್ಮ ತೀರಿಕೊಂಡ ಮೇಲೆ ದಿನಾ ಸಂಜೆ ನಿನಗೆ ಸಭೆ, ನಾನೊಬ್ಬಳೇ ಊಟಕ್ಕೆ. ಸೋತರೆ ಮನೆಗೆ ಬರುತ್ತೀಯ ಎಂದುಕೊಂಡೆ. ನೀನು ಬಂದೆ, ಆದರೆ ಮಾತನ್ನು ಹೊರಗೇ ಬಿಟ್ಟು ಬಂದೆ. ಆ ವರ್ಷದಿಂದ ಊಟದ ಹೊತ್ತಿಗೆ ತನ್ನಮ್ಮ ಮನೆಯಲ್ಲಿರುತ್ತಿರಲಿಲ್ಲ ಎಂದು ಮೊನ್ನೆ ಕರ್ಟಿಸ್ ಹೇಳಿದ. ನಾನು ಎದ್ದು ಪಾತ್ರೆ ತೊಳೆಯತೊಡಗಿದೆ. ಅವನಿಗೂ ಹೇಳಿಲ್ಲ, ನಿನಗೇ ಮೊದಲು. ಶುಕ್ರವಾರ ಸಂಜೆ ನಾಲ್ಕು ತಟ್ಟೆ ಇಡುತ್ತೇನೆ. ಟೋಪಿ ಹಾಕಿಕೊಂಡು ಬಾ. ಬೈಯುವುದಿದ್ದರೆ ಅದನ್ನು ಬಿಟ್ಟು ನನ್ನನ್ನು ಬೈ, ಊಟ ಮಾಡುತ್ತಾ.