ಬೀಗ ಹಾಕಿದ ಮನೆಯಲ್ಲಿ ಓಡಿದ ಮೀಟರ್

ಮಾನ್ಯ ವಿದ್ಯುತ್ ಅಧಿಕಾರಿಗಳೇ,

ದೂರು ಕೊಡಲು ಬಂದ ನನ್ನ ಅತ್ತೆ ಯಶೋದಮ್ಮನವರನ್ನು ನೀವು ತುಂಬಿದ ಸಭೆಯಲ್ಲಿ ಕಳ್ಳಿ ಎಂದು ಕರೆದಿರಿ. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ನೀವದನ್ನು ಮರೆತಿರಬಹುದು. ನಾನು ಮರೆತಿಲ್ಲ. ಈ ಮನೆಯಲ್ಲಿ ಅತ್ತೆಯನ್ನು ಬಯ್ಯುವ ಹಕ್ಕು ಹದಿನಾಲ್ಕು ವರ್ಷದಿಂದ ನನ್ನದು. ಅದನ್ನು ತಮಗೆ ಬಿಟ್ಟುಕೊಟ್ಟ ನೆನಪು ನನಗಿಲ್ಲ.

ನಮ್ಮೂರು ಹಂಗಳದಾಚೆ, ಕಾಡಿನ ಅಂಚಿನಲ್ಲಿದೆ. ದೀಪಾವಳಿಗೆ ಮನೆಮಂದಿಯೆಲ್ಲ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿದ್ದೆವು. ಊರು ಬಿಡುವಾಗ ಮೀಟರ್ ನೋಡಿ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಅತ್ತೆಯ ರೂಢಿ. ಫ್ರಿಜ್ ಖಾಲಿ ಮಾಡಿ ಪ್ಲಗ್ ಕಿತ್ತಿದ್ದರು, ದೀಪಗಳನ್ನೆಲ್ಲ ಆರಿಸಿದ್ದರು. ಐದು ದಿನ ಬಿಟ್ಟು ಬಂದು ನೋಡಿದರೆ ಮೀಟರ್ ಆರು ಯೂನಿಟ್ ಓಡಿತ್ತು. ಮೀಟರೇ ಕೆಟ್ಟಿರಬೇಕೆಂದು ಆ ಪುಣ್ಯಾತ್ಗಿತ್ತಿ ಕ್ಯಾಲೆಂಡರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಮ್ಮ ಗ್ರಾಹಕರ ಸಭೆಗೆ ಬಂದರು.

"ಬೀಗ ಹಾಕಿದ ಮನೇಲಿ ಕರೆಂಟ್ ಕುಡಿದೋರು ಯಾರಮ್ಮ? ಹೊಲದ ಬೇಲಿಗೆ ಲೈನ್ ಬಿಟ್ಟಿದ್ದೀಯ. ಕಳ್ಳೀನೇ ಬಂದು ದೂರು ಕೊಡ್ತಾಳೆ, ನೋಡ್ರಪ್ಪ," ಎಂದಿರಿ, ಅದೂ ಮೈಕಿನಲ್ಲಿ. ಆನೆ, ಹಂದಿ ಓಡಾಡುವ ನಮ್ಮ ಕಡೆ ಬೇಲಿಗೆ ಕರೆಂಟ್ ಬಿಡುವುದೆಂದರೆ ಎಂಥ ಅಪರಾಧವೆಂದು ತಮಗೆ ಗೊತ್ತೇ ಇತ್ತು. ಮರುದಿನವೇ ಹೊಲದ ತಪಾಸಣೆ ಆಯಿತು. ಲಂಟಾನದ ಮುಳ್ಳು ಬಿಟ್ಟರೆ ಏನೂ ಸಿಗಲಿಲ್ಲ. ಆದರೆ ಹನ್ನೊಂದು ವರ್ಷ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಹಾಕಿದ ಅತ್ತೆಯ ಕೈಯಿಂದ ಶಾಲೆಯವರು ಉಗ್ರಾಣದ ಕೀಲಿಯನ್ನು ವಾಪಸ್ ತೆಗೆದುಕೊಂಡರು. ಕಳ್ಳಿಯ ಕೈಗೆ ಅಕ್ಕಿ ಮೂಟೆ ಒಪ್ಪಿಸುವುದು ಹೇಗೆ, ಅಲ್ಲವೇ? ಅಂದಿನಿಂದ ಅತ್ತೆ ಬೀದಿ ನಲ್ಲಿಗೆ ನೀರಿಗೂ ಹೋಗುತ್ತಿಲ್ಲ.

ಕಳ್ಳನನ್ನು ನಾನೇ ಹಿಡಿದೆ. ಯಾವ ಉಪಕರಣ ಎಷ್ಟು ಕರೆಂಟ್ ಎಳೆಯುತ್ತಿದೆಯೆಂದು ಮೊಬೈಲಿನಲ್ಲಿ ತೋರಿಸುವ ಸ್ಮಾರ್ಟ್ ಪ್ಲಗ್ ತರಿಸಿ ಮನೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಅಳೆದೆ. ರಿಮೋಟಿನಲ್ಲಷ್ಟೇ ಆರಿಸಿದ ಟಿವಿ ಮತ್ತು ಸ್ಪೀಕರ್ ಎಂಟು ವಾಟ್. ಹಳೆಯ ಯುಪಿಎಸ್ ಸುಮ್ಮನೆ ಕೂತಲ್ಲೇ ಮೂವತ್ತು. ಸೆಟ್ ಟಾಪ್ ಬಾಕ್ಸ್ ಹನ್ನೆರಡು. ಅದರ ಸ್ವಿಚ್ ಆರಿಸಿದರೆ ಚಾನೆಲ್ ಹೊರಟುಹೋಗುತ್ತವೆ ಎಂದು ಕೇಬಲ್‌ನವನು ಹೇಳಿದ್ದನ್ನು ವೇದವಾಕ್ಯವೆಂದು ನಂಬಿ ಅತ್ತೆ ಅದನ್ನು ಎಂದೂ ಆರಿಸಿದವರಲ್ಲ. ಒಟ್ಟು ಐವತ್ತು ವಾಟ್, ಹಗಲೂ ರಾತ್ರಿ, ಐದು ದಿನ. ಅದೇ ಆರು ಯೂನಿಟ್. ಗುಣಿಸಿ ನೋಡಲು ತಮ್ಮ ಇಂಜಿನಿಯರಿಂಗ್ ಪದವಿ ಸಾಕಾಗಬಹುದು. ಈ ಮಾತನ್ನು ಅಂದು ಆ ಮೈಕಿನಲ್ಲಿ ಹೇಳಬೇಕಾಗಿದ್ದವರು ಯಾರು, ನಾನೋ ನೀವೋ?

ಇಷ್ಟಕ್ಕೇ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಹೋದ ಭಾನುವಾರ ನಿಮ್ಮ ಕಚೇರಿಗೇ ಬಂದೆ. ಬೀಗ ಹಾಕಿತ್ತು. ಹೊರಗೋಡೆಯ ಮೀಟರಿನ ಫೋಟೊ ಬೆಳಿಗ್ಗೆ ಒಂಬತ್ತಕ್ಕೊಂದು, ಸಂಜೆ ಐದಕ್ಕೊಂದು ತೆಗೆದೆ. ಆರು ಯೂನಿಟ್. ನಮ್ಮ ಮನೆ ಐದು ದಿನದಲ್ಲಿ ಕುಡಿದದ್ದನ್ನು ನಿಮ್ಮ ಕಚೇರಿ ಎಂಟು ಗಂಟೆಯಲ್ಲಿ ಕುಡಿದಿತ್ತು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಕಾವಲುಗಾರ ಚಿಕ್ಕಯ್ಯನವರನ್ನು ಕೇಳಿದೆ. "ಯಾರೂ ಇಲ್ಲ ಕಣವ್ವ. ಕಂಪ್ಯೂಟ್ರು, ಪ್ರಿಂಟ್ರು ಎಲ್ಲಾ ಅಂಗೇ ಬುಟ್ಟೋಗವ್ರೆ," ಎಂದರು. ಹಾಗಾದರೆ ತಾವು ಯಾವ ಬೇಲಿಗೆ ಲೈನ್ ಬಿಟ್ಟಿದ್ದೀರಿ ಸ್ವಾಮಿ?

ಮುಂದಿನ ಗ್ರಾಹಕರ ಸಭೆಯಲ್ಲಿ ನೀವು ಅದೇ ಮೈಕು ಹಿಡಿದು, ಯಶೋದಮ್ಮನವರು ಕದ್ದಿಲ್ಲ, ನಾನು ವಿಚಾರಿಸದೆ ಅಂದೆ ಎಂದು ಹೇಳಬೇಕು. ಆಮೇಲೆ ಅಂಥ ಪ್ಲಗ್ಗುಗಳನ್ನು ನಮ್ಮ ಹಳ್ಳಿಗಳಿಗೆ ತಂದು ಮನೆಮನೆಯಲ್ಲಿ ಅಳೆದು ತೋರಿಸಬೇಕು. ಅಲ್ಲಿಯವರೆಗೆ ಪ್ರತಿ ಭಾನುವಾರ ನಿಮ್ಮ ಮೀಟರಿನ ಎರಡು ಫೋಟೊಗಳು ನಮ್ಮೂರ ಹಾಲಿನ ಡೈರಿಯ ಗೋಡೆಗೆ ಬೀಳುತ್ತವೆ.

ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. "ಬುಡವ್ವ, ಅವ್ರಿಗೂ ಎಂಡ್ರು ಮಕ್ಳು ಅವ್ರೆ. ಮರ್ವಾದೆ ಓದ್ರೆ ಬಾಳಾದು ಕಷ್ಟ ಕಣವ್ವ," ಎಂದರು. ಅದು ಎಷ್ಟು ಕಷ್ಟವೆಂದು ಅವರಿಗೀಗ ಚೆನ್ನಾಗಿ ಗೊತ್ತು. ಅವರು ನಿಮ್ಮನ್ನು ಕ್ಷಮಿಸಿದ್ದಾರೆ. ನಾನು ಕ್ಷಮಿಸಿಲ್ಲ.

ಇಂತಿ,
ಅತ್ತೆಯಷ್ಟು ಒಳ್ಳೆಯವಳಾಗಲು ಬಾರದ ಸೊಸೆ,
ಶಿವರಂಜಿನಿ