ಎದುರು ಬೋರ್ಡಿನ ಚಿತ್ರ

ಮಾರ್ಚ್ 3

ಇವತ್ತೂ ಲೆಕ್ಕ ಕೂಡಲಿಲ್ಲ. ನನ್ನ ಗ್ರೂಪಿನ ಒಡೆಯಲಾಗದ ರೆಪ್ರೆಸೆಂಟೇಶನ್, ಅಂದರೆ ಅದರ ಮೂಲ ತುಂಡು, ಒಂದೊಂದಕ್ಕೂ ಒಂದು ಚುಕ್ಕೆ, ಸಂಬಂಧ ಇದ್ದಲ್ಲಿ ಗೆರೆ. ಚಿತ್ರವೇನೋ ಚಂದ. ಆದರೆ ಈ ತುಂಡುಗಳ ಅಳತೆಗಳ ವರ್ಗ ಕೂಡಿಸಿದರೆ ಗ್ರೂಪಿನ ಗಾತ್ರ ಬರಬೇಕು. ಹೆಚ್ಚು ಬರುತ್ತಿದೆ. ಎಲ್ಲೋ ಎಡವಿದ್ದೇನೆ.

ತಿಂಡಿ ಹೊತ್ತಿಗೆ ಇವರು: "ಎಲ್ಲಿಗೆ ಬಂತು ನಿನ್ನ ಚುಕ್ಕೆ ಆಟ?" ಮದುವೆಯಾದಾಗಿನಿಂದ ಕೇಳದವರು ಈಗ ಯಾಕೆ ಕೇಳಿದರು...

ಮಾರ್ಚ್ 5

ಡಿಪಾರ್ಟ್‌ಮೆಂಟಿನಲ್ಲಿ ಸ್ಟೇಪ್ಲರ್ ತರಲು ಇವರ ರೂಮಿಗೆ ಹೋದೆ — ಕಾರಿಡಾರಿನ ಆಚೆ, ನನ್ನೆದುರೇ. ಬೋರ್ಡ್ ಮೇಲೆ ನನ್ನ ಚಿತ್ರ! ಅದೇ ಚುಕ್ಕೆ, ಅದೇ ಗೆರೆ. ಇವರದು ಲೀ ಆಲ್ಜೀಬ್ರಾ, ಗಣಿತದ ಬೇರೆಯೇ ದಾರಿ. ಕೆಲವು ಚಿಕ್ಕ ಗ್ರೂಪುಗಳಲ್ಲಿ ಎರಡೂ ಕಡೆ ಒಂದೇ ಚಿತ್ರ ಮೂಡುತ್ತದೆ, ನಿಜ, ಪ್ರತಿ ವರ್ಷ ನಾನೇ ಪಾಠ ಮಾಡುತ್ತೇನೆ. ಆದರೆ ನನ್ನದು ಹೊಸ ಗ್ರೂಪು. ನನ್ನ ಬೋರ್ಡ್ ಬಿಟ್ಟರೆ ಎಲ್ಲೂ ಇಲ್ಲ. ನನ್ನ ರೂಮಿನ ಇನ್ನೊಂದು ಕೀ ಇರೋದು ಇವರ ಹತ್ತಿರ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು?

ಮಾರ್ಚ್ 6

ಬೇಕೆಂದೇ ನನ್ನ ಬೋರ್ಡಿನ ಎಡಗಡೆ ಒಂದು ಸುಳ್ಳು ಗೆರೆ ಎಳೆದೆ. ಕದ್ದರೆ ಅದೂ ಅಲ್ಲಿಗೆ ಹೋಗಲೇಬೇಕು. ಬೀಗ ಹಾಕಿ ಬಂದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಡಿಪಾರ್ಟ್‌ಮೆಂಟ್ ಹೆಡ್‌ಗೆ ಮೇಲ್ ಹಾಕಿಬಿಟ್ಟೆ — ನನ್ನ ಗಂಡ ನನ್ನ ಕೆಲಸ ಕದಿಯುತ್ತಿದ್ದಾರೆ ಅಂತ. ರಾತ್ರಿ ಇವರಿಗೆ ಬಡಿಸಿ, ನನ್ನ ತಟ್ಟೆ ರೂಮಿಗೆ ತಂದುಕೊಂಡೆ. ಇನ್ನು ಈ ಸಂಸಾರ ಉಳಿಯುತ್ತಾ?

ಮಾರ್ಚ್ 10

ಇವರ ಬೋರ್ಡಿಗೆ ಬೆಡ್‌ಶೀಟ್ ಹೊದಿಸಿದ್ದಾರೆ! ನಮ್ಮನೆಯದೇ, ನೀಲಿ ಚೌಕಳಿಯದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇವರು ಕ್ಲಾಸಿಗೆ ಹೋದ ಮೇಲೆ ಎತ್ತಿ ನೋಡಿದೆ.

ಸುಳ್ಳು ಗೆರೆ ಇಲ್ಲ. ಬದಲಿಗೆ ಚಿತ್ರದ ಬಾಲ ಕವಲೊಡೆದಿದೆ — ನಾನು ಒಂದು ಚುಕ್ಕೆ ಇಟ್ಟಲ್ಲಿ ಎರಡು. ಪಕ್ಕದಲ್ಲೆಲ್ಲ ಇವರ ಕೋಳಿಕಾಲಿನ ಅಕ್ಷರ, ಪೂರ್ತಿ ಲೀ ಆಲ್ಜೀಬ್ರಾ. ನನ್ನ ಗ್ರೂಪಿನ ಸುಳಿವೇ ಇಲ್ಲ.

ಓಡಿ ಬಂದು ಲೆಕ್ಕ ಹಾಕಿದೆ. ಒಡೆಯುವುದೇ ಇಲ್ಲ ಅಂದುಕೊಂಡಿದ್ದದ್ದು ಎರಡಾಯಿತು. ಮೊತ್ತ ಕೂಡಿತು. ಕದ್ದಿಲ್ಲ ಪಾಪ... ಇವರ ದಾರಿಯಲ್ಲಿ ಇವರು ಅಲ್ಲಿಗೇ ಬಂದಿದ್ದಾರೆ. ಕೂತು ಅತ್ತೆ.

ಅಯ್ಯೋ, ಆ ಮೇಲ್!

ಮಾರ್ಚ್ 11

"ಸಾರ್, ಆ ದೂರು ವಾಪಸ್ ತಗೋತೀನಿ."

ಹೆಡ್ ಕನ್ನಡಕ ತೆಗೆದರು. "ಯಾವುದಮ್ಮಾ? ನಿಮ್ಮನೆಯಿಂದ ಎರಡು ಬಂದಿವೆ."

ಇನ್ನೊಂದು ಇವರದು. ಹೆಂಡತಿ ಕದಿಯುತ್ತಿದ್ದಾಳಂತೆ! ಸಿಟ್ಟು ಬರಬೇಕಿತ್ತು, ನಗು ಬಂತು.

ಅದೇ ಸಂಜೆ

ಎಲ್ಲ ಹೇಳಿಬಿಡೋಣ ಅಂತ ಮನೆಗೆ ಬಂದೆ. ಇವರು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದರು.

"ನಿನ್ನ ಎಡಗಡೆ ಗೆರೆ ತಪ್ಪು ಕಣೇ. ಅಳಿಸಿಬಿಡು."

ಎಷ್ಟು ಮೆತ್ತಗೆ ಹೇಳಿದರು. ಕಣ್ಣು ತುಂಬಿತು. "ನಿಮ್ಮ ಬಾಲದ ಕವಲು ಸರಿಯಾಗಿದೆ ರೀ," ಅಂದೆ.

ಇವರ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ನಿಧಾನಕ್ಕೆ ತಿರುಗಿದರು. ಆಗ ನನಗೂ ಹೊಳೆಯಿತು — ಬೀಗ ಹಾಕಿದ ರೂಮಿನ ಗೆರೆ ಇವರಿಗೆ ಹೇಗೆ ಗೊತ್ತು? ಬೆಡ್‌ಶೀಟಿನ ಹಿಂದಿನ ಕವಲು ನನಗೆ ಹೇಗೆ ಗೊತ್ತು ಅಂತ ಇವರೂ ನನ್ನನ್ನೇ ನೋಡುತ್ತಿದ್ದರು —